ಹೆಂಡಿ ಎಲ್ಲಿಟ್ಟೆ?

ಜರ್ಮನಿಯಲ್ಲಿ ಮೊಬೈಲ್ ಫೋನಿಗೆ ‘ಹ್ಯಾಂಡಿ’ ಎನ್ನುತ್ತಾರೆ. ಇಂಗ್ಲಿಷಿನ ‘ಆ್ಯ’ ಅವರ ಬಾಯಲ್ಲಿ ‘ಎ’ ಆಗುವುದರಿಂದ ಕಿವಿಗೆ ಬೀಳುವುದು ‘ಹೆಂಡಿ’. ಜೇಬು ತಡಕುತ್ತ ಹೆಂಡಿ ಹುಡುಕುವವರನ್ನು ಕಂಡರೆ ಧಾರವಾಡದ ಕಡೆಯವರು ಮೂಗು ಮುಚ್ಚಿಕೊಂಡಾರು, ಅಲ್ಲಿ ಹೆಂಡಿ ಎಂದರೆ ಸಗಣಿ! ಇಂಗ್ಲಿಷರಿಗೂ ಇದು ಅರ್ಥವಾಗದು. ಅವರಲ್ಲಿ ಅದು ಕೈಗೆ ಸಲೀಸಾಗಿ ಒದಗುವುದು ಎಂಬ ಬರೀ ಗುಣವಾಚಕ.

ಹೀಗೆ ಅರ್ಥ ಬದಲಿಸಿಕೊಂಡ ಇಂಗ್ಲಿಷ್ ಪದಗಳು ಜರ್ಮನ್‌ನಲ್ಲಿ ಇನ್ನೂ ಇವೆ. ‘ಬೀಮರ್’ ಎಂದರೆ ಕ್ರಿಕೆಟ್ ಬಲ್ಲವರು ತಲೆಯತ್ತ ಬರುವ ಚೆಂಡೆಂದು ತಲೆ ತಗ್ಗಿಸಿಯಾರು. ಜರ್ಮನಿಯಲ್ಲಿ ಅದು ಪ್ರೊಜೆಕ್ಟರ್. ‘ಓಲ್ಡ್‌ಟೈಮರ್’ ಮುದುಕರಲ್ಲ, ಹಳೆಯ ಕಾರು. 30 ವರ್ಷ ತುಂಬಿ ಮೂಲ ರೂಪ ಕೆಡದೆ ಉಳಿದಿದ್ದರೆ ನಂಬರ್ ಪ್ಲೇಟಿನ ಕೊನೆಗೆ ‘ಎಚ್’ ಅಕ್ಷರದ ಗೌರವ. 2006ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಬೀದಿಯ ದೊಡ್ಡ ಪರದೆಯ ಮುಂದೆ ಜನ ಸೇರಿ ಪಂದ್ಯ ನೋಡಿದ್ದು ‘ಪಬ್ಲಿಕ್ ವ್ಯೂಯಿಂಗ್’. ಅಮೆರಿಕದಲ್ಲಿ ಆ ಮಾತು ಶವದ ಅಂತಿಮ ದರ್ಶನಕ್ಕೂ ಸಲ್ಲುತ್ತದೆ. ನಾವು ನಗುವಂತಿಲ್ಲ ಬಿಡಿ: ನಮ್ಮೂರಿನ ಎಷ್ಟೋ ಹೋಟೆಲುಗಳಲ್ಲಿ ಇಡ್ಲಿ ಸಿಗುತ್ತದೆ, ಮಲಗಲು ಮಂಚ ಸಿಗುವುದಿಲ್ಲ.

ಎಲ್ಲಕ್ಕಿಂತ ಸೊಗಸಾದದ್ದು ‘ಕೇಕ್ಸ್’. ಹ್ಯಾನೋವರಿನ ಬಾಲ್ಸನ್ 1891ರಲ್ಲಿ ತನ್ನ ಬಿಸ್ಕತ್ತಿಗೆ ‘ಲೈಬ್ನಿಟ್ಸ್ ಕೇಕ್ಸ್’ ಎಂದು ಹೆಸರಿಟ್ಟ. ಇಂಗ್ಲಿಷ್ ಕಾಗುಣಿತವನ್ನು ಜನ ಬರೆದಂತೆಯೇ ‘ಕಾಕೆಸ್’ ಎಂದು ಓದಿದರು. 1911ರಲ್ಲಿ ಕಾಗುಣಿತವನ್ನೇ ಜರ್ಮನ್ ಮಾಡಿಬಿಟ್ಟರು. ಬಹುವಚನದ ‘ಸ್’ ಅಷ್ಟರಲ್ಲಿ ಪದದ ಮೈಗೇ ಅಂಟಿಹೋಗಿತ್ತು. ಒಂದು ಬಿಸ್ಕತ್ತು ‘ಕೇಕ್ಸ್’, ಹಲವಾದರೆ ‘ಕೇಕ್ಸೆ’, ಅಂದರೆ ‘ಕೇಕುಗಳುಗಳು’. ನಿಜವಾದ ಕೇಕಿಗೆ ‘ಕೂಖೆನ್’ ಇದ್ದೇ ಇದೆ.

ಅರ್ಥ ಬದಲಾದರೆ ಮುಗಿಯಲಿಲ್ಲ, ಲಿಂಗವೂ ಬೇಕು. ಕನ್ನಡದಲ್ಲಿ ನಿರ್ಜೀವ ವಸ್ತುವೆಲ್ಲ ‘ಅದು’. ಜರ್ಮನ್‌ನಲ್ಲಿ ‘ಡೆರ್’, ‘ಡೀ’, ‘ಡಾಸ್’ ಎಂದು ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ. ‘ಅರ್’ ಎಂದು ಮುಗಿಯುವ ಕಂಪ್ಯೂಟರ್, ಬೀಮರ್ ಗಂಡು. ಅಂಚೆಯ ‘ಡೀ ಪೋಸ್ಟ್’ ಹೆಣ್ಣು, ಇ-ಮೇಲ್ ಕೂಡ ಅವಳ ಬಳಗ. ಆಸ್ಟ್ರಿಯಾದಲ್ಲಿ ಅದೇ ಇ-ಮೇಲನ್ನು ನಪುಂಸಕ ಮಾಡುವವರೂ ಇದ್ದಾರೆ. ಬರೆಯುವಾಗ ಇನ್ನೊಂದು ಎಚ್ಚರ: ಹ್ಯಾಂಡಿಯ ಬಹುವಚನದಲ್ಲಿ ‘ವೈ’ ಹಾಗೇ ಉಳಿದು ಮುಂದೆ ‘ಎಸ್’ ಬರುತ್ತದೆ. ಇಂಗ್ಲಿಷ್ ಶಾಲೆಯ ‘ಐ-ಇ-ಎಸ್’ ಹಾಕಿದರೆ ತಪ್ಪು.

ನಿಜವಾದ ಪೇಚು ಕ್ರಿಯಾಪದದ್ದು. ನಾವು ‘ಮಾಡು’ ಸೇರಿಸಿ ಪಾರಾಗುತ್ತೇವೆ: ಡೌನ್‌ಲೋಡ್ ಮಾಡಿದೆ. ಅವರು ಭೂತಕಾಲಕ್ಕೆ ‘ಗೆ’ ತುರುಕಬೇಕು. ಮುಂದೆಯೋ, ನಡುವೆಯೋ? ‘ಗೆಡೌನ್‌ಲೋಡೆಟ್’, ‘ಡೌನ್‌ಗೆಲೋಡೆಟ್’ ಎರಡೂ ಓಡಾಡುತ್ತವೆ. ಜಗಳ ಬೇಡವೆನ್ನುವವರು ಜರ್ಮನ್‌ನದೇ ‘ಹೆರುಂಟರ್‌ಲಾಡೆನ್’ ಹಿಡಿಯುತ್ತಾರೆ. ಅದರಲ್ಲಿ ‘ಗೆ’ ಕೂರುವ ಜಾಗ ನಡುವೆ ಎಂಬುದರಲ್ಲಿ ತಕರಾರಿಲ್ಲ.