ಉಣ್ಣದ ಹಾವಿಗೆ ಉಪಚಾರ ಬೇಡ

ಇಂಗ್ಲೆಂಡ್‌ನಲ್ಲಿ ಹಾವು ಸಾಕುವವರ ಮನೆಗಳಲ್ಲಿ ತೀರಾ ಸಾಮಾನ್ಯವಾಗಿ ಕಾಣಸಿಗುವುದು ರಾಯಲ್ ಪೈಥಾನ್. ಅಮೆರಿಕದಲ್ಲಿ ಇದನ್ನೇ ಬಾಲ್ ಪೈಥಾನ್ ಎನ್ನುತ್ತಾರೆ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಈ ಪುಟ್ಟ ಹೆಬ್ಬಾವು ಬಲು ಸಾಧು, ಅಷ್ಟೇ ಅಂಜುಬುರುಕ. ಊಟ ಬಿಟ್ಟಿತೆಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಲಿಯತ್ತ ತಿರುಗಿಯೂ ನೋಡುವುದಿಲ್ಲ. ನಮ್ಮ ಮನೆಯ ಹಾವೂ ಚಳಿಗಾಲ ಬಂತೆಂದರೆ ಹೀಗೆಯೇ.

ಊಟದ ವಿಷಯದಲ್ಲಿ ನಾವು ಕನ್ನಡಿಗರು ಸುಮ್ಮನಿರುವವರಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೂ ಇನ್ನೊಂದು ಹೋಳಿಗೆ ಹಾಕದೆ ಬಿಡುವುದಿಲ್ಲ. ಹಾವಿಗೂ ಅದೇ ಉಪಚಾರ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಭಕ್ತಿ ನನ್ನಲ್ಲೂ ಇದೆ, ಆದರೆ ಹಾಲು ಹಾವಿನ ಆಹಾರವಲ್ಲ. ಹಾವಾಡಿಗರು ಹಬ್ಬಕ್ಕೆ ಮುಂಚೆ ಹಾವನ್ನು ನೀರಿಲ್ಲದೆ ಒಣಗಿಸಿಡುತ್ತಾರೆ. ಆಮೇಲೆ ಬಟ್ಟಲಲ್ಲಿ ಏನಿಟ್ಟರೂ ಅದು ಕುಡಿಯುತ್ತದೆ. ಅದನ್ನು ನೋಡಿ ನಾವು ಕೈಮುಗಿಯುತ್ತೇವೆ. ನಾನಿರುವ ಇಂಗ್ಲೆಂಡಿನ ಸಾಕಣೆದಾರರ ಆತುರ ಬೇರೆ ಬಗೆಯದು. ಹಾವು ಒಮ್ಮೆ ಇಲಿ ಬೇಡವೆಂದರೆ ಮರುದಿನವೇ ಇನ್ನೊಂದನ್ನು ಹಿಡಿದು ಮೂತಿಯ ಮುಂದೆ ಆಡಿಸುತ್ತಾರೆ. ಎರಡೂ ಕಡೆ ನಡೆಯುವುದು ಉಣಿಸುವವನ ಸಮಾಧಾನಕ್ಕಾಗಿ.

ಹಾವು ಉಣ್ಣದಿರುವುದಕ್ಕೆ ಕಾರಣ ಹೆಚ್ಚಿನ ಸಲ ಇಲಿಯಲ್ಲಿರುವುದಿಲ್ಲ, ಗೂಡಿನಲ್ಲಿರುತ್ತದೆ. ಬೆಚ್ಚಗಿನ ಬದಿಯಲ್ಲಿ 31-32 ಡಿಗ್ರಿ ಸೆಲ್ಸಿಯಸ್, ತಂಪಿನ ಬದಿಯಲ್ಲಿ 25-26 ಡಿಗ್ರಿ ಇರಬೇಕು. ಮೈ ಬೆಚ್ಚಗಾಗದ ಹಾವಿಗೆ ತಿಂದದ್ದು ಅರಗುವುದಿಲ್ಲ, ಹಾಗಾಗಿ ಅದು ತಿನ್ನುವುದೂ ಇಲ್ಲ. ಇಲ್ಲಿಯ ಜನವರಿಯಲ್ಲಿ ತಾಪಮಾನ ನಿಯಂತ್ರಕ ಸ್ವಲ್ಪ ಕೈಕೊಟ್ಟರೂ ಸಾಕು. ಮೈ ಒತ್ತಿಕೊಂಡು ಅಡಗುವಷ್ಟು ಇಕ್ಕಟ್ಟಾದ ಬಿಲದಂಥ ಪೆಟ್ಟಿಗೆ ಗೂಡಿನ ಎರಡೂ ಬದಿಯಲ್ಲಿ ಒಂದೊಂದು ಬೇಕು. ಎಲ್ಲರಿಗೂ ಕಾಣುವ ವಿಶಾಲವಾದ ಗಾಜಿನ ಗೂಡು ನೋಡುವವರಿಗೆ ಚೆಂದ, ಹಾವಿಗೆ ಭಯ. ಕಣ್ಣು ನೀಲಿಗಟ್ಟಿ ಪೊರೆ ಬಿಡುವ ದಿನಗಳಲ್ಲಿ ಇಲಿ ತೋರಿಸುವುದೇ ಬೇಡ. ಬೆಳೆದ ಗಂಡುಗಳಂತೂ ಬೆದೆಯ ಕಾಲದಲ್ಲಿ ತಾವಾಗಿಯೇ ಉಪವಾಸ ಹಿಡಿಯುತ್ತವೆ.

ಇವೆಲ್ಲ ಸರಿಯಿದ್ದರೆ ಕತ್ತಲಾದ ಮೇಲೆ ಉಣಿಸುವುದು ನನ್ನ ಕ್ರಮ. ಹೆಪ್ಪುಗಟ್ಟಿದ ಇಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ, ಮರುದಿನ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಅದ್ದುತ್ತೇನೆ. ತಲೆಯ ಭಾಗ ಮೈಗಿಂತ ತುಸು ಬಿಸಿಯಾಗಿರಬೇಕು. ಈ ಹಾವಿನ ತುಟಿಯಂಚಿನಲ್ಲಿ ಬಿಸಿಯನ್ನು ಅರಿಯುವ ಸಣ್ಣ ಕುಳಿಗಳಿವೆ, ಕತ್ತಲಲ್ಲಿ ಬೇಟೆಯನ್ನು ತೋರಿಸುವುದು ಅವೇ. ಉದ್ದನೆಯ ಚಿಮಟದಲ್ಲಿ ಇಲಿಯನ್ನು ಬಿಲದ ಬಾಯಿಯ ಬಳಿ ಹಿಡಿದರೆ ಮೊದಲು ನಾಲಗೆ ಹೊರಬರುತ್ತದೆ, ಆಮೇಲೆ ಕತ್ತು ಮೆಲ್ಲಗೆ ಎಸ್ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಆಗ ಉಸಿರೂ ಆಡದಂತೆ ನಿಲ್ಲಬೇಕು. ತಲೆ ಹಿಂದಕ್ಕೆಳೆದುಕೊಂಡರೆ ಅಲ್ಲಿಗೆ ಮುಗಿಯಿತು, ಇಲಿಯನ್ನು ತೆಗೆದು ಎಸೆದು ಮತ್ತೊಂದು ವಾರವಾದರೂ ಕಾಯಬೇಕು. ಆ ನಡುವೆ ಹಾವನ್ನು ಎತ್ತಿ ಆಡಿಸುವುದೂ ಬೇಡ. ಜೀವಂತ ಇಲಿಯನ್ನು ಬಿಟ್ಟು ನೋಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ: ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸುತ್ತದೆ, ಇಲಿಗೂ ಅದು ಹಿಂಸೆ.

ಬೆನಿನ್‌ನ ವೀಡಾ ಪಟ್ಟಣದಲ್ಲಿ ಇದೇ ಜಾತಿಯ ಹಾವುಗಳಿಗೆ ಗುಡಿಯಿದೆ. ಅಲ್ಲಿ ಅವನ್ನು ಆಗಾಗ ಹೊರಗೆ ಬಿಡುತ್ತಾರೆ, ಅವು ತಾವೇ ಬೇಟೆಯಾಡುತ್ತವೆ. ಯಾರದಾದರೂ ಮನೆ ಹೊಕ್ಕರೆ ಜನ ಮರ್ಯಾದೆಯಿಂದ ಗುಡಿಗೆ ತಂದು ಬಿಡುತ್ತಾರೆ. ನಮ್ಮ ಹಾಲಿನ ಬಟ್ಟಲಿಗಿಂತ, ಇಲ್ಲಿಯ ಚಿಮಟಕ್ಕಿಂತ ಈ ಕ್ರಮವೇ ನನಗೆ ಹೆಚ್ಚು ಹಿಡಿಸುತ್ತದೆ. ತುಳುನಾಡಿನ ನಾಗಬನಗಳಲ್ಲೂ ಈ ವಿವೇಕವಿತ್ತು: ಹಾವಿಗೆಂದು ಒಂದಿಷ್ಟು ಕಾಡು ಬಿಟ್ಟು, ಅದರೊಳಗೆ ಕೊಡಲಿ ಹಾಕದಿರುವುದು.

ಹಾಗೆಂದು ಗೂಡಿನ ಹಾವನ್ನು ಕಣ್ಣೆತ್ತಿಯೂ ನೋಡದೆ ಇರಲಾಗದು. ನೀರು ಸದಾ ಇರಬೇಕು, ವಾರಕ್ಕೊಮ್ಮೆ ತೂಗಬೇಕು. ತೂಕ ಹತ್ತರಲ್ಲೊಂದು ಪಾಲು ಇಳಿದರೆ, ಉಸಿರಿನಲ್ಲಿ ಸೀಟಿಯ ಸದ್ದು ಬಂದರೆ, ಬಾಯಲ್ಲಿ ಲೋಳೆ ಕಂಡರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಲ್ಲಿಗೆ ತಡಮಾಡದೆ ಒಯ್ಯಬೇಕು. ಬಾಯಿ ಬಿಡಿಸಿ ಆಹಾರ ತುರುಕುವುದು ಅನಿವಾರ್ಯವೇ ಆದರೆ ಆ ನಿರ್ಧಾರ ಅವರದ್ದಾಗಲಿ.