ಕೋಪವೇ ಬರದ ತಾತ

ತೀರಿಕೊಂಡ ಅಪ್ಪನ ಬಗ್ಗೆ ಪತ್ರಿಕೆಗೆ ಒಂದು ಪ್ಯಾರಾ ಕೊಡಬೇಕಿತ್ತು. ಫೋಟೋ, ಹೆಸರು, ಕೆಳಗೆ ನಾಲ್ಕು ಸಾಲು. ಮಗಳು ಫೋನಿನಲ್ಲಿ ಟೈಪ್ ಮಾಡಿ ಜೋರಾಗಿ ಓದಿದಳು: 'ನಮ್ಮ ತಾತ ಯಾರ ಮೇಲೂ ಯಾವತ್ತೂ ಕೋಪ ಮಾಡಿಕೊಂಡವರಲ್ಲ.'

ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ಇವಳು ಯಾರ ಬಗ್ಗೆ ಬರೆಯುತ್ತಿದ್ದಾಳೆ?

ನಮಗೆ ಗೊತ್ತಿದ್ದ ಅಪ್ಪನಿಗೆ ಕೋಪ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಪೆನ್ನಿನ ಮುಚ್ಚಳ ಸಾಕಿತ್ತು. ಅವರ ಪೆನ್ನು ಮುಟ್ಟುವುದೇ ಅಪರಾಧ. ಮುಟ್ಟಿ, ಮುಚ್ಚಳ ಹಾಕದೆ ಇಟ್ಟರೆ ಆ ಸಂಜೆ ಮನೆಯಲ್ಲಿ ಯಾರಿಗೂ ಮಾತಿಲ್ಲ. ಹಾಗಂತ ನಮ್ಮನ್ನು ಕಡೆಗಣಿಸಿದವರಲ್ಲ. ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಿದ್ದರು. ಬೆಳಿಗ್ಗೆ ಜ್ವರ ಇಳಿದ ಕೂಡಲೇ, ಮಳೆಯಲ್ಲಿ ಯಾಕೆ ನೆನೆದೆ ಅಂತ ಬೈಯಲು ಶುರು.

ಅದೇ ಪೆನ್ನಿನಲ್ಲಿ ಮಗಳು ಹೂಕುಂಡದ ಮಣ್ಣು ಅಗೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಪ್ಪ ಕುಂಡ ಅಲ್ಲಾಡದಂತೆ ಹಿಡಿದುಕೊಂಡಿದ್ದರು! 'ಇನ್ನೂ ಸ್ವಲ್ಪ ಆಳ ಬೇಕಮ್ಮ' ಅನ್ನುತ್ತಿದ್ದರು. ಹಾಗಾಗಿ ಮಗಳು ಬರೆದದ್ದು ಸುಳ್ಳಲ್ಲ. ಆದರೆ ನನಗೆ ಉರಿದದ್ದೂ ಸುಳ್ಳಲ್ಲ.

ಇಷ್ಟು ಕಟ್ಟುನಿಟ್ಟಿನ ಅಪ್ಪ ಅಷ್ಟು ಮೆತ್ತಗಿನ ತಾತ ಆಗುವುದು ಹೇಗೆ? ಇದಕ್ಕೆ ನನ್ನ ಹತ್ತಿರ ಒಂದು ವಿವರಣೆ ಇದೆ. ಹೇಳುತ್ತೇನೆ. ಅದಕ್ಕೂ ಮೊದಲು ಡಾರ್ವಿನ್ ಮನೆಯ ವಿಷಯ ಸ್ವಲ್ಪ ಹೇಳಬೇಕು.

ಮಂಗ, ಮನುಷ್ಯ ಅಂತೆಲ್ಲ ಜಗತ್ತನ್ನೇ ಜಗಳಕ್ಕೆ ಹಚ್ಚಿದ ಚಾರ್ಲ್ಸ್ ಡಾರ್ವಿನ್ ಮನೆಯೊಳಗೆ ಬಹಳ ಸಾಧು ಅಪ್ಪ. ಹತ್ತು ಮಕ್ಕಳು ಹುಟ್ಟಿದರು, ದೊಡ್ಡವರಾಗುವ ತನಕ ಉಳಿದವರು ಏಳು. ಆತ ಕೆಲಸ ಮಾಡುತ್ತಿದ್ದದ್ದು ಮನೆಯಲ್ಲೇ. ಮಕ್ಕಳಿಗೆ ದಾರ ಬೇಕಾದರೂ ಕತ್ತರಿ ಬೇಕಾದರೂ ಸುತ್ತಿಗೆ ಬೇಕಾದರೂ ಅಪ್ಪನ ಕೋಣೆಗೇ ನುಗ್ಗುವುದು. ನಾಲ್ಕು ವರ್ಷದ ಒಬ್ಬ ಮಗ ಕೆಲಸದ ಹೊತ್ತಿನಲ್ಲಿ ಆಟಕ್ಕೆ ಬಾ ಅಂತ ಅಪ್ಪನಿಗೆ ಆರು ಪೆನ್ಸ್ ಲಂಚ ಕೊಡಲು ನೋಡಿದನಂತೆ. ಲೆನಾರ್ಡ್ ಎಂಬ ಇನ್ನೊಬ್ಬ ಮಗ ಸೋಫಾ ಮೇಲೆ ಕುಣಿಯುತ್ತಿದ್ದ. ಸ್ಪ್ರಿಂಗ್ ಹಾಳಾಗುತ್ತದೆ ಅಂತ ಆ ಮನೆಯಲ್ಲಿ ಅದಕ್ಕೆ ನಿಷೇಧ. ಒಳಗೆ ಬಂದ ಡಾರ್ವಿನ್, ಲೆನಿ, ಇದು ನಿಯಮಕ್ಕೆ ವಿರುದ್ಧ ಅಲ್ವಾ ಅಂದರು. ಹಾಗಾದರೆ ನೀವು ಹೊರಗೆ ಹೋಗುವುದೇ ಒಳ್ಳೆಯದು ಅಂದ ಮಗ. ನಮ್ಮ ಮನೆಯಲ್ಲಿ ಈ ಉತ್ತರ ಕೊಟ್ಟಿದ್ದರೆ ಈ ಪ್ರಬಂಧ ಬರೆಯಲು ನಾನು ಇರುತ್ತಿರಲಿಲ್ಲ.

1859ರಲ್ಲಿ ಬಂದ ಡಾರ್ವಿನ್ನರ ದೊಡ್ಡ ಪುಸ್ತಕದ ಹಸ್ತಪ್ರತಿ ಬಹುಪಾಲು ಕಳೆದುಹೋಗಿದೆ. ಉಳಿದ ಕೆಲವು ಹಾಳೆಗಳ ಹಿಂದೆ ಮಕ್ಕಳು ಬರೆದ ಚಿತ್ರಗಳಿವೆ. ಆ ಚಿತ್ರಗಳನ್ನು ಮನೆಯವರು ಎತ್ತಿಟ್ಟಿದ್ದರಿಂದ ಹಾಳೆಯ ಇನ್ನೊಂದು ಬದಿಯ ವಿಜ್ಞಾನವೂ ಉಳಿಯಿತು.

1839ರಲ್ಲಿ ಮೊದಲ ಮಗ ಹುಟ್ಟಿದಾಗ ಡಾರ್ವಿನ್ ಒಂದು ಟಿಪ್ಪಣಿ ಪುಸ್ತಕ ಶುರು ಮಾಡಿದರು. ಮಗು ಸೀನಿದ್ದು, ಬಿಕ್ಕಳಿಸಿದ್ದು, ಆಕಳಿಸಿದ್ದು ಎಲ್ಲ ಅದರಲ್ಲಿ ಬಂತು. ಕೋಪವೂ ಬಂತು. ಎಂಟನೇ ದಿನ ಅಳುವ ಮೊದಲು ಹುಬ್ಬು ಗಂಟಿಕ್ಕಿತು, ಆದರೆ ಅದು ಕೋಪವೋ ನೋವೋ ಹೇಳುವುದು ಕಷ್ಟ. ನಾಲ್ಕು ತಿಂಗಳ ಹತ್ತಿರ ಮುಖಕ್ಕೆಲ್ಲ ರಕ್ತ ನುಗ್ಗಿತು, ಇದು ಖಂಡಿತ ಕೋಪವೇ. ಎರಡು ವರ್ಷ ಮೂರು ತಿಂಗಳಿಗೆ, ಆಗದವರ ಮೇಲೆ ಪುಸ್ತಕ, ಕೋಲು ಎಸೆಯುವುದರಲ್ಲಿ ಮಗ ನಿಪುಣನಾಗಿದ್ದ. ಇದನ್ನೆಲ್ಲ 1877ರಲ್ಲಿ ಅಚ್ಚು ಹಾಕಿಸಿದರು. ಮಗನ ಕೋಪವನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ಅಪ್ಪ ಮತ್ತೊಬ್ಬ ಇದ್ದಾನೋ ಇಲ್ಲವೋ.

ಇನ್ನು ಡಾರ್ವಿನ್ನರ ಅಪ್ಪ ರಾಬರ್ಟ್. ವೈದ್ಯ. ಆರು ಅಡಿ ಎರಡು ಅಂಗುಲ ಎತ್ತರ, ಕೊನೆಯ ಸಲ ತೂಗಿದಾಗ ಸುಮಾರು 150 ಕಿಲೋ. ಆ ಗಾತ್ರದ ಮನುಷ್ಯ ಎದುರು ನಿಂತು ಬೈದರೆ ಹೇಗಿರಬೇಡ! ಬೈದರು. ಬೇಟೆ, ನಾಯಿ, ಇಲಿ ಹಿಡಿಯೋದು ಬಿಟ್ಟು ನಿನಗೆ ಬೇರೇನೂ ಬೇಡ, ನಿನಗೂ ಮನೆತನಕ್ಕೂ ಅವಮಾನ ತರುತ್ತೀಯ ಅಂತ. ಆಗ ಚಾರ್ಲ್ಸ್ ಇನ್ನೂ ಹುಡುಗ. ರಾಬರ್ಟ್ ತೀರಿಕೊಂಡಿದ್ದು 1848ರಲ್ಲಿ, 82ನೇ ವಯಸ್ಸಿನಲ್ಲಿ. 1876ರಲ್ಲಿ ಮಗ ತನ್ನ ಜೀವನದ ಕಥೆ ಬರೆಯಲು ಕೂತಾಗ ಆ ಬೈಗುಳ ಹಾಗೇ ಹಾಳೆಗೆ ಇಳಿಯಿತು. ಜೊತೆಗೆ ಇನ್ನೊಂದು ಮಾತೂ ಇಳಿಯಿತು. ನಾನು ಕಂಡ ಮನುಷ್ಯರಲ್ಲೇ ಅಪ್ಪನಷ್ಟು ಕರುಣಾಳು ಇಲ್ಲ, ಆವತ್ತು ಕೋಪದಲ್ಲಿದ್ದಿರಬೇಕು, ಸ್ವಲ್ಪ ಅನ್ಯಾಯವಾಗಿ ಅಂದುಬಿಟ್ಟರು ಅಂತ.

ನೋಡಿ, ಬರೆಯುವುದೆಂದರೆ ಹೀಗೆ. ಬೈದಿದ್ದೂ ಇದೆ, ಪ್ರೀತಿಯೂ ಇದೆ. ಬೈಗುಳವನ್ನು ಅಳಿಸಿದ್ದರೆ ಆ 150 ಕಿಲೋದಲ್ಲಿ ಏನು ಉಳಿಯುತ್ತಿತ್ತು?

ಆ ಕಥೆಯನ್ನು ಬರೆದದ್ದು ಮಕ್ಕಳಿಗಾಗಿ, ಅವರ ಮಕ್ಕಳಿಗಾಗಿ. ತನ್ನ ತಾತ ಎರಾಸ್ಮಸ್ ಹೀಗೆ ಒಂದು ಸಣ್ಣ, ಸಪ್ಪೆ ಬರಹ ಬಿಟ್ಟುಹೋಗಿದ್ದರೂ ನನಗೆ ಎಷ್ಟೋ ಖುಷಿಯಾಗುತ್ತಿತ್ತು ಅಂತ ಡಾರ್ವಿನ್ ಹೇಳಿಕೊಂಡಿದ್ದಾರೆ. ಎರಾಸ್ಮಸ್ ಹೋದದ್ದು 1802ರಲ್ಲಿ. ಮೊಮ್ಮಗ ಹುಟ್ಟಿದ್ದು 1809ರಲ್ಲಿ. ಅದೇ 1876ರಲ್ಲಿ ಡಾರ್ವಿನ್ ತಾವೇ ತಾತನಾದರು. ಸೊಸೆ ಹೆರಿಗೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಮಗ ಫ್ರಾನ್ಸಿಸ್ ಕೂಸನ್ನು ಎತ್ತಿಕೊಂಡು ಅಪ್ಪನ ಮನೆಗೇ ಬಂದ. ಮೊಮ್ಮಗ ಬರ್ನಾರ್ಡ್ ಬೆಳೆದದ್ದು ಅಲ್ಲೇ. 1882ರಲ್ಲಿ ತಾತ ಹೋದಾಗ ಅವನಿಗೆ ಐದೂವರೆ ವರ್ಷ. ದೊಡ್ಡವನಾಗಿ ಗಾಲ್ಫ್ ಬಗ್ಗೆ ಬರೆದು ಹೆಸರು ಮಾಡಿದ. ವಿಕಾಸದ ತಂಟೆಗೆ ಹೋಗಲಿಲ್ಲ. ಜಾಣ.

ಡಾರ್ವಿನ್ ಬದುಕಿದ್ದು 73 ವರ್ಷ. ಈಗಿನವರ ಲೆಕ್ಕದಲ್ಲಿ ಅದು ತುಂಬು ಜೀವನವೂ ಅಲ್ಲ.

ಈ 'ತುಂಬು ಜೀವನ' ಅನ್ನುವ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಫೋನ್ ಮಾಡಿದವರೆಲ್ಲ ಮೊದಲು ಕೇಳಿದ್ದು ವಯಸ್ಸು. ತೊಂಬತ್ತು ದಾಟಿತ್ತು ಅಂದ ಕೂಡಲೇ ಆ ಕಡೆಯ ದನಿ ಹಗುರಾಗುತ್ತದೆ. 'ಓ, ಹಾಗಾದ್ರೆ ತುಂಬು ಜೀವನ. ಪುಣ್ಯವಂತರು.' ಅಪ್ಪ ಪರೀಕ್ಷೆ ಪಾಸಾದ ಹಾಗೆ. ಅಳುವುದಕ್ಕೂ ವಯಸ್ಸಿನ ಮಿತಿ ಇದೆಯೇನು? ಜಪಾನಿನ ಜಿರೋಎಮೊನ್ ಕಿಮುರಾ ಹುಟ್ಟಿದ್ದು 1897ರಲ್ಲಿ, ಹೋದದ್ದು 2013ರಲ್ಲಿ. 116 ವರ್ಷ. ದಾಖಲೆ ಇರುವ ಗಂಡಸರಲ್ಲಿ ಅಷ್ಟು ದಿನ ಬಾಳಿದವರು ಬೇರೆ ಯಾರೂ ಇಲ್ಲ. ಅಂಚೆ ಕಚೇರಿಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ತೊಂಬತ್ತರ ಹತ್ತಿರದ ತನಕ ಮಗನ ಜೊತೆ ಹೊಲದ ಕೆಲಸ ಮಾಡಿದವರು. ಅವರ ಮನೆಯವರಿಗೂ ಯಾರೋ ಒಬ್ಬರು, ವಯಸ್ಸಾಗಿತ್ತಲ್ಲ ಬಿಡಿ, ಅಂದೇ ಇರುತ್ತಾರೆ. ಜಾಸ್ತಿ ದಿನ ಇದ್ದವರು ಜಾಸ್ತಿ ರೂಢಿಯಾಗಿರುತ್ತಾರೆ ಎನ್ನುವುದು ಇವರಿಗೆ ಯಾಕೆ ಹೊಳೆಯುವುದಿಲ್ಲವೋ. ಮೂವತ್ತು ವರ್ಷ ಅಪ್ಪ ಇದ್ದವನಿಗಿಂತ ಅರವತ್ತು ವರ್ಷ ಅಪ್ಪ ಇದ್ದವನಿಗೆ ಅಪ್ಪನಿಲ್ಲದೆ ಇರುವುದು ಕಲಿಯಲು ಸಮಯ ಕಡಿಮೆ. ಅಭ್ಯಾಸವೂ ಇಲ್ಲ.

ಮೆತ್ತಗಿನ ತಾತನ ಬಗ್ಗೆ ನನ್ನ ವಿವರಣೆ ಹೇಳುತ್ತೇನೆ ಅಂದಿದ್ದೆ. ತಮ್ಮನ ಮುಂದೆ ಹೇಳಿ ನೋಡಿದೆ. ಅವನು ಅರ್ಧದಲ್ಲೇ, 'ಸುಮ್ನಿರಣ್ಣ, ಅಪ್ಪ ನಿನಗೆ ಮಾತ್ರ ಕಟ್ಟುನಿಟ್ಟು' ಅಂದ. ಅಲ್ಲಿಗೆ ಆ ವಿವರಣೆ ಮುಗಿಯಿತು.

ಅಪ್ಪನೂ ಬರೆದಿಟ್ಟಿದ್ದರು. ಬೀರುವಿನಲ್ಲಿ ಡೈರಿಗಳು ಸಿಕ್ಕಾಗ ಅವರ ಮನಸ್ಸೆಲ್ಲ ಅದರಲ್ಲಿರುತ್ತದೆ ಅಂತ ತೆರೆದೆವು. ಗಡಿಯಾರಕ್ಕೆ ಸೆಲ್ ಹಾಕಿದ ದಿನ. ಕನ್ನಡಕದ ಕಡ್ಡಿ ಮುರಿದ ದಿನ. ಮೊಮ್ಮಗಳ ಎತ್ತರ, ಅಡಿ ಅಂಗುಲದಲ್ಲಿ. ಬಲ್ಬ್ ಬದಲಾಯಿಸಿದ್ದು. ವರ್ಷಗಟ್ಟಲೆ ಇದೇ. ಒಂದು ಹಳೆಯ ಡೈರಿಯ ಒಂದು ಪುಟದಲ್ಲಿ ಮಾತ್ರ ಹೀಗಿತ್ತು: 'ಮಗನಿಗೆ ಬೈದೆ. ತಪ್ಪು ಅವನದೇ.'

ಯಾವ ತಪ್ಪು ಅಂತ ಬರೆದಿಲ್ಲ. ಯಾವ ಮಗ ಅಂತಲೂ ಬರೆದಿಲ್ಲ. ಅದು ನಾನೇ ಅಂತ ತಮ್ಮ ಹೇಳುತ್ತಾನೆ. ಖಂಡಿತ ಅಲ್ಲ. ಆ ವರ್ಷ ಸೈಕಲ್ ಕಳೆದವನು ಅವನು.