ದೆಹಲಿ ಹತ್ತಿರ, ದೇವನಹಳ್ಳಿ ದೂರ

ಬೀಗರೂಟಕ್ಕೆ ಎರಡು ದಿನ ರಜೆ ಕೇಳಿದೆ. ಮ್ಯಾನೇಜರ್ ಅಲ್ಲೇ ಫೋನ್ ತೆಗೆದು ವಿಮಾನದ ಸಮಯ ನೋಡಿದರು. "ದೆಹಲಿಯಿಂದ ಬೆಂಗಳೂರು ಎರಡೂಮುಕ್ಕಾಲು ಗಂಟೆ ಅಷ್ಟೇ ಅಲ್ವಾ? ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡಿ" ಅಂದರು. ಕೇಳಿ ಬೇಜಾರಾಯಿತು. ನನ್ನ ಊರು ಬೆಂಗಳೂರಲ್ಲ, ಮಂಡ್ಯ.

ದೆಹಲಿ, ಬೆಂಗಳೂರಿನ ನಡುವೆ ಆಕಾಶದಲ್ಲಿ ಸುಮಾರು 1,700 ಕಿ.ಮೀ. ಟಿಕೆಟ್‌ನಲ್ಲಿ ಬರೆಯುವುದು ಬರೀ ಹಾರಾಟದ ಹೊತ್ತೂ ಅಲ್ಲ. ವಿಮಾನ ದೆಹಲಿಯಲ್ಲಿ ಹೊರಟು ಬೆಂಗಳೂರಿಗೆ ಬಂದು ನಿಲ್ಲುವವರೆಗಿನ ಲೆಕ್ಕ. ರನ್‌ವೇಗೆ ಸರದಿ ಕಾಯುವುದೂ ಅದರಲ್ಲೇ ಬಂತು. ವಿಮಾನ ಇಳಿಯುವ ದೇವನಹಳ್ಳಿಯಿಂದ ಮಂಡ್ಯ ಹೆಚ್ಚು ಕಡಿಮೆ 140 ಕಿ.ಮೀ. ಸಂಜೆ ಇಳಿದರೆ ಅದಕ್ಕೂ ವಿಮಾನದಷ್ಟೇ ಹೊತ್ತು ಬೇಕು, ಕೆಲವು ಸಲ ಜಾಸ್ತಿ.

ಹೆಬ್ಬಾಳದಲ್ಲಿ ಬಸ್ಸು ನಿಂತಿರುತ್ತದೆ. ಅತ್ತೆ ಫೋನ್ ಮಾಡುತ್ತಾರೆ, "ಎಲ್ಲಿದ್ದೀಯಪ್ಪ?" ಹೆಬ್ಬಾಳ ಅನ್ನುತ್ತೇನೆ. ಮುದ್ದೆ ಕಟ್ಟೋಕೆ ಎಸರು ಇಡಲೋ ಬೇಡವೋ ಅಂತ ಮತ್ತೆ ಫೋನ್ ಬರುತ್ತದೆ. ಆಗಲೂ ಹೆಬ್ಬಾಳ. ಮೈಸೂರು ರಸ್ತೆ ಸಿಗಬೇಕಾದರೆ ಇಡೀ ಬೆಂಗಳೂರು ದಾಟಬೇಕಲ್ಲ.

ದೆಹಲಿಯಲ್ಲಿ ಇದಕ್ಕೆ 2011ರಲ್ಲೇ ದಾರಿ ಮಾಡಿಕೊಂಡರು. ನ್ಯೂಡೆಲ್ಲಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಏರ್‌ಪೋರ್ಟ್ ಮೆಟ್ರೋ. 20 ನಿಮಿಷದ ದಾರಿ. ಕೆಲವು ವಿಮಾನಗಳಿಗಾದರೆ ಆ ಸ್ಟೇಷನ್‌ನಲ್ಲೇ ಸೂಟ್‌ಕೇಸ್ ಕೊಟ್ಟು ಕೈಬೀಸಿಕೊಂಡು ಹೋಗಬಹುದು. ನಮ್ಮಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿದ್ದು 2008ರಲ್ಲಿ. ಅಲ್ಲಿಗೆ ಮೆಟ್ರೋ ಕಂಬಗಳು ಎದ್ದಿದ್ದು ಎಷ್ಟೋ ವರ್ಷ ಆದಮೇಲೆ. ಹತ್ತಿರ ಒಂದು ಹಾಲ್ಟ್ ಸ್ಟೇಷನ್ ಇದೆ, ರೈಲು ಕಡಿಮೆ. ಮಂಡ್ಯ, ಮೈಸೂರಿನವರು ಸಾಲುಸಾಲಾಗಿ ಬಂದಿಳಿಯುತ್ತಾರೆ ಅನ್ನುವುದು ಯಾರಿಗೂ ಹೊಳೆಯಲೇ ಇಲ್ಲವೇ?

ಮೈಸೂರಿಗೇ ವಿಮಾನ ಇಲ್ವಾ ಅಂತ ದೆಹಲಿಯವರು ಕೇಳುತ್ತಾರೆ. ಮೈಸೂರಿನ ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಸಾಕು. ದೆಹಲಿಯಿಂದ ಬರುವ ದೊಡ್ಡ ವಿಮಾನಕ್ಕೆ ಸಾಲದು. ಉದ್ದ ಮಾಡಬೇಕು ಅನ್ನುವ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ!

ನನಗೆ ಜಾಸ್ತಿ ಸಿಟ್ಟು ಬರುವುದು ನಮ್ಮವರ ತಾಳ್ಮೆ ಕಂಡು. "ಬೆಂಗ್ಳೂರ್ಗ್ ಇಳ್ದ್ಯಲ್ಲ, ಬಂದಂಗೇ ಬುಡ್ಲಾ" ಅನ್ನುತ್ತಾರೆ ಮಾವ. ಬಂದಂಗಲ್ಲ ಮಾವ, ಅರ್ಧ ದಾರಿ ಇನ್ನೂ ಬಾಕಿ ಇದೆ! ಇದನ್ನೇ ರೂಢಿ ಮಾಡಿಕೊಂಡು ಸುಮ್ನೆ ಕೂತರೆ ಯಾರು ಬಂದು ಸರಿ ಮಾಡುತ್ತಾರೆ?

ಒಂದು ಮಾತು ಒಪ್ಪಲೇಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆ ಆದಮೇಲೆ ಕೆಂಗೇರಿಯಿಂದ ಆಚೆಗಿನ ದಾರಿ ನಿಜವಾಗಿಯೂ ಕರಗಿದೆ. ರಾಮನಗರ, ಚನ್ನಪಟ್ಟಣದ ಒಳಗೆ ತೆವಳುವ ಕಷ್ಟ ತಪ್ಪಿತು. ಮೈಸೂರಿಗೆ ಹೋಗುವ ಫ್ಲೈಬಸ್ ಅನ್ನುವ ಬಸ್ಸು ವಿಮಾನ ನಿಲ್ದಾಣದ ಟರ್ಮಿನಲ್ ಹೊರಗೇ ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಲಗೇಜ್ ಹೊತ್ತು ಬಸ್ ಬದಲಿಸಬೇಕಿಲ್ಲ. ಇನ್ನೊಂದು, ದೆಹಲಿಯಲ್ಲಿ ಮೆಟ್ರೋ ಎಷ್ಟು ಬೇಗ ತಲುಪಿಸಿದರೂ ಬಾಗಿಲಲ್ಲಿ ಕಾಯುವವರಿಲ್ಲ. ಮಂಡ್ಯದಲ್ಲಿ ರಾತ್ರಿ ಎಷ್ಟೇ ಹೊತ್ತಾದರೂ ಮಾವ ಬೈಕ್ ತಂದು ನಿಂತಿರುತ್ತಾರೆ. ಆದರೆ ಅವರಿಗೂ ಈಗ ವಯಸ್ಸಾಯಿತು. ವಿಮಾನ ನಿಲ್ದಾಣದಿಂದ ಮಂಡ್ಯ, ಮೈಸೂರಿಗೆ ನೇರ ರೈಲು ಬಿಡಿ ಅಂತ ನಾವೆಲ್ಲ ಸೇರಿ ಕೇಳಬೇಕು. ಎರಡು ದಿನದ ರಜೆಯಲ್ಲಿ ಒಂದು ದಿನವಾದರೂ ಮನೆಯಲ್ಲಿ ಕಳೆಯುವಂತಾಗಲಿ.